ಸಭೆ ತಲೆಯೆತ್ತುವ ಮೊದಲ ಮಾತು

ನಾನು ಮೊತ್ತಮೊದಲು ವೇದಿಕೆ ಹತ್ತಿದ್ದು ಎಂಟನೆಯ ತರಗತಿಯಲ್ಲಿ, ಶಾಲಾ ವಾರ್ಷಿಕೋತ್ಸವದ ದಿನ. ಕೊಟ್ಟ ಸಮಯ 5 ನಿಮಿಷ. ಸನ್ಮಾನ್ಯ ಅಧ್ಯಕ್ಷರು, ಮುಖ್ಯ ಅತಿಥಿಗಳು, ಮೇನೇಜರರು, ಗುರುವೃಂದ, ಊರ ಹತ್ತು ಸಮಸ್ತರು, ತಾಯಂದಿರು, ಸಹಪಾಠಿಗಳು - ಒಬ್ಬರನ್ನೂ ಬಿಡದೆ ನಮಸ್ಕರಿಸಿ ಮುಗಿಸುವಾಗ 2 ನಿಮಿಷ ಸಂದಿತ್ತು. ಅನಂತರ ‘ಕನ್ನಡವು ಅತ್ಯಂತ ಪ್ರಾಚೀನವೂ ಸಂಪದ್ಭರಿತವೂ ಆದ ಭಾಷೆಯಾಗಿದೆ’ ಎಂದು ಬಾಯಿಪಾಠ ಒಪ್ಪಿಸತೊಡಗಿದೆ. ಅತಿಥಿಗಳು ಕೈಗಡಿಯಾರ ನೋಡಿಕೊಂಡರು. ಹಿಂದಿನ ಬೆಂಚಿನಲ್ಲಿ ನೆಲಗಡಲೆ ಸುಲಿಯುವ ಸದ್ದು ನನಗೆ ವೇದಿಕೆಯ ಮೇಲೂ ಕೇಳುತ್ತಿತ್ತು. ಮೂರನೆಯ ವಾಕ್ಯಕ್ಕೆ ನಾಲಗೆ ತೊಡರಿತು. ನಾಲ್ಕನೆಯದು ಮರೆತೇ ಹೋಯಿತು.

ಭಾಷಣ ಬರೆದುಕೊಟ್ಟವರು ನನ್ನ ಸೋದರಮಾವ. ಅವರನ್ನು ದೂರಿ ಫಲವಿಲ್ಲ. ಅವರಿಗೂ ಹಿಂದೊಮ್ಮೆ ಇನ್ನಾರೋ ಹಾಗೆಯೇ ಬರೆದುಕೊಟ್ಟಿದ್ದರು. ಈ ವಾಕ್ಯ ನಮ್ಮ ಮನೆಗಳಲ್ಲಿ ಹಿತ್ತಾಳೆಯ ಚೆಂಬಿನ ಹಾಗೆ ತಲೆಮಾರಿನಿಂದ ತಲೆಮಾರಿಗೆ ಬಂದುದು. ಪ್ರತಿ ನವೆಂಬರದಲ್ಲಿ ತೊಳೆದು ಹೊರಗಿಡುತ್ತೇವೆ.

ಆದರೆ ಇದೇ ನಮ್ಮೂರಿನಲ್ಲಿ ಮಾತು ತೊಡಗುವ ವಿದ್ಯೆ ಬಲ್ಲವರಿಗೆ ಬರಗಾಲವಿರಲಿಲ್ಲ. ತಾಳಮದ್ದಳೆಯ ಪೀಠಿಕೆಯನ್ನು ನೆನೆಯಿರಿ. ಭಾಗವತರ ಪದ್ಯ ಮುಗಿದು ಮದ್ದಳೆಯ ನಾದ ಇಳಿಯುತ್ತಿರುವಾಗ ಅರ್ಥಧಾರಿ ಆಡುವ ಮೊದಲ ಮಾತಿನಲ್ಲಿಯೇ ಆ ರಾತ್ರಿಯ ಹಣೆಬರಹ ತೀರ್ಮಾನವಾಗುತ್ತದೆ. ಕರ್ಣಪರ್ವದ ಕರ್ಣನನ್ನೇ ತೆಗೆದುಕೊಳ್ಳಿ. ಸಾಮಾನ್ಯ ಅರ್ಥಧಾರಿ ಕುಂತಿಗೆ ದೂರ್ವಾಸರು ಕೊಟ್ಟ ವರದಿಂದ ತೊಡಗಿ, ಪೆಟ್ಟಿಗೆಯನ್ನು ಗಂಗೆಯಲ್ಲಿ ತೇಲಿಸಿ, ಯುದ್ಧಭೂಮಿಗೆ ಬಂದು ಮುಟ್ಟುವಾಗ ಕೇಳುವವರಿಗೆ ನಿದ್ದೆ. ಬಲ್ಲವನು ಶಲ್ಯನ ಕೈಯಲ್ಲಿರುವ ಲಗಾಮಿನಿಂದ ತೊಡಗುತ್ತಾನೆ: ಸೂತಪುತ್ರನೆಂದು ಲೋಕ ಯಾರನ್ನು ಹಳಿಯಿತೋ ಅವನಿಗೆ ಇಂದು ರಾಜನೊಬ್ಬ ಸಾರಥಿ! ಹುಟ್ಟಿನ ಕಥೆಯೆಲ್ಲ ಆ ಒಂದು ಲಗಾಮಿನ ಹಿಂದೆ ತಾನಾಗಿ ಎಳೆದುಕೊಂಡು ಬರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ಹಿರಿಯರಿಗೆ ಪೀಠಿಕೆಯ ಮಹಿಮೆಯನ್ನು ನಾನು ವಿವರಿಸಬೇಕಾಗಿಲ್ಲ. ಅದೇ ಹಿರಿಯರು ಮರುದಿನ ಮೊಮ್ಮಗಳಿಗೆ ಭಾಷಣ ಬರೆದುಕೊಡುವಾಗ ‘ಪ್ರಾಚೀನವೂ ಸಂಪದ್ಭರಿತವೂ’ ಎಂದೇಕೆ ತೊಡಗುತ್ತಾರೋ ತಿಳಿಯದು.

ಈ ವಿಚಾರ ತಲೆಯಲ್ಲಿ ಕೊರೆಯುತ್ತಿದ್ದಾಗಲೇ ಮಹಾರಾಷ್ಟ್ರದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕಡೆ ಹೋಗಿಬರುವ ಯೋಗ ಒದಗಿತು. ಅಲ್ಲಿಯೂ ನಮ್ಮ ಹಾಗೆ ಮನೆಯೊಳಗೊಂದು ಮಾತು, ಅಂಗಳದಾಚೆ ಇನ್ನೊಂದು ಮಾತು ಎಂದು ಬದುಕುವ ಕನ್ನಡ ಕುಟುಂಬಗಳಿವೆ. ನಮಗೆ ಮಲಯಾಳ, ಅವರಿಗೆ ಮರಾಠಿ, ಅಷ್ಟೇ ವ್ಯತ್ಯಾಸ. ಭಾಷಣ ಬರೆದುಕೊಡುವ ಸೋದರಮಾವಂದಿರು ಅಲ್ಲಿಯೂ ಇದ್ದಾರೆ.

ಕೊಲ್ಹಾಪುರದಲ್ಲಿ ಶಿಲಾಹಾರ ಅರಸ ವಿಜಯಾದಿತ್ಯನ ಕಾಲದ ಕಲ್ಲು ಬರಹವೊಂದಿದೆ. ಶಕವರ್ಷ 1065, ಅಂದರೆ ಕ್ರಿ.ಶ. 1143ರದು. ಲಿಪಿ ಹಳಗನ್ನಡ, ಭಾಷೆ ಸಂಸ್ಕೃತ. ಜಿನಶಾಸನಕ್ಕೆ ಜಯಕಾರ ಹಾಕಿ ತೊಡಗುತ್ತದೆ. ಮುಂದೆ ಅರಸನ ವಂಶಾವಳಿ, ಒಬ್ಬೊಬ್ಬ ಹಿರಿಯನ ಪರಾಕ್ರಮ, ಮಹಾಲಕ್ಷ್ಮಿಯ ವರಪ್ರಸಾದ ಪಡೆದವನೆಂಬ ಬಿರುದು. ಇಷ್ಟೆಲ್ಲ ಸಂಭ್ರಮದ ಕೊನೆಗೆ ಕೊಟ್ಟ ದಾನವಾದರೂ ಎಷ್ಟು? ಬಸದಿಯ ಪೂಜೆಗೆಂದು ಕಾಲು ನಿವರ್ತನ ಹೊಲ, 12 ಹಸ್ತದ ಒಂದು ಮನೆ. ನಮ್ಮ ಲೆಕ್ಕದಲ್ಲಿ ಒಂದು ತುಂಡು ಭೂಮಿ, ಒಂದು ಸಣ್ಣ ಬಿಡಾರ. ಮೊದಲಿಗೆ ನನಗೆ ನಗು ಬಂತು. ಇದೂ ನಮ್ಮ ವಾರ್ಷಿಕೋತ್ಸವದ ಭಾಷಣದ ಹಾಗೆಯೇ, ಮದ್ದಳೆ ದೊಡ್ಡದು ಕುಣಿತ ಸಣ್ಣದು, ಎಂದುಕೊಂಡೆ.

ಆಮೇಲೆ ಯೋಚಿಸಿದರೆ ಹಾಗಲ್ಲ. ಶಾಸನದ ಪೀಠಿಕೆಗೆ ಒಂದು ಕೆಲಸವಿತ್ತು. ನೂರು ವರ್ಷಗಳ ಬಳಿಕ ಯಾರಾದರೂ ಆ ಹೊಲದ ಬೇಲಿ ಸರಿಸಲು ಬಂದರೆ, ಕೊಟ್ಟವನು ಯಾರು, ಅವನ ಬಲವೇನು ಎಂದು ಕಲ್ಲೇ ಹೇಳಬೇಕು. ಕಾಲು ನಿವರ್ತನಕ್ಕೆ ಅಷ್ಟು ದೊಡ್ಡ ಪಾಗಾರ ಬೇಕಾದುದು ಹೊಲ ಸಣ್ಣದಾದುದರಿಂದಲೇ. ನಮ್ಮ ‘ಸನ್ಮಾನ್ಯ’ರ ಪಟ್ಟಿಗೆ ಅಂಥ ಕೆಲಸ ಯಾವುದೂ ಇಲ್ಲ. ಹೆಸರು ಬಿಟ್ಟುಹೋದವರು ಮುನಿಸಿಕೊಳ್ಳಬಾರದೆಂಬ ಭಯವೊಂದೇ ಅದರ ಆಧಾರ.

ಗಡಹಿಂಗ್ಲಜದ ಬಳಿಯ ಸಾಮಾನಗಡದ ಕೋಟೆಯ ಹೆಸರು ಇತಿಹಾಸ ಓದಿದವರಿಗೆ ಗೊತ್ತಿದ್ದೀತು. ಬಾದಾಮಿಯ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟರ ರಾಜ್ಯ ಕಟ್ಟಿದ ದಂತಿದುರ್ಗನ ತಾಮ್ರಪಟ ಸಿಕ್ಕಿದ್ದು ಅಲ್ಲಿ. ಅದರ ಕಾಲ ಶಕ 675, ಕ್ರಿ.ಶ. 754ರ ಸುಮಾರು. ರಾಷ್ಟ್ರಕೂಟರ ತಾಮ್ರಪಟಗಳ ಮಂಗಲಶ್ಲೋಕದಲ್ಲಿ ಒಂದು ಚಮತ್ಕಾರವಿದೆ. ಹರಿಹರರಿಬ್ಬರನ್ನೂ ಒಂದೇ ಶ್ಲೋಕದಲ್ಲಿ ನೆನೆಯುವಾಗ ಕವಿ ‘ಕಮಲ’ ಎಂಬ ಮೂರೇ ಅಕ್ಷರಗಳನ್ನು ಎರಡು ಬಗೆಯಾಗಿ ದುಡಿಸುತ್ತಾನೆ. ವಿಷ್ಣುವಿನ ಕಡೆಗೆ ಅದು ನಾಭಿಯ ತಾವರೆ. ಶಿವನ ಕಡೆಗೆ ಬಿಡಿಸಿದರೆ ‘ಕಂ’ ಎಂದರೆ ತಲೆ, ‘ಅಲಂ’ ಎಂಬುದು ಅಲಂಕಾರದ ಅಲಂ. ಚಂದ್ರಕಲೆಯಿಂದ ಅಲಂಕೃತವಾದ ತಲೆ ಎಂದಾಯಿತು. ಓದಿಸಿ ಕೇಳಿದವನು ಒಂದು ಕ್ಷಣ ತಡೆದು, ‘ಏನೆಂದಿರಿ, ಇನ್ನೊಮ್ಮೆ ಹೇಳಿ’ ಎಂದಿರಲೇಬೇಕು. ಕೇಳುಗನು ‘ಇನ್ನೊಮ್ಮೆ’ ಎಂದನೆಂದರೆ ಪೀಠಿಕೆ ಗೆದ್ದಂತೆ.

ಅದೇ ತಾಮ್ರಪಟದ ಒಳಗೊಂದು ಜಾಣ್ಮೆಯಿದೆ. ದಂತಿದುರ್ಗನು ಕರ್ಣಾಟಕ ಸೈನ್ಯವನ್ನು ಗೆದ್ದನೆಂದು ನೇರವಾಗಿ ಹೇಳಿ ಮುಗಿಸುವುದಿಲ್ಲ. ಆ ಸೈನ್ಯ ಎಂಥದ್ದು? ಕಂಚಿಯ ಒಡೆಯನನ್ನು, ಕೇರಳದ ಅರಸನನ್ನು, ಚೋಳ, ಪಾಂಡ್ಯ, ಹರ್ಷ, ವಜ್ರಟರನ್ನು ಮುರಿದ ಸೈನ್ಯ. ಅಂಥದ್ದನ್ನು ಇವನು ಕೆಲವೇ ಮಂದಿಯೊಡನೆ ಗೆದ್ದ! ಎದುರಾಳಿಯನ್ನು ಹೊಗಳಿ ಗೆಲುವನ್ನು ದೊಡ್ಡದು ಮಾಡುವ ಈ ಉಪಾಯವನ್ನು ಇಂದಿನ ಚುನಾವಣಾ ಭಾಷಣಕಾರರು ಕಲಿತಿಲ್ಲ. ಕೇರಳ, ಕರ್ಣಾಟಕ ಎರಡೂ ಹೆಸರುಗಳು ಒಂದೇ ಉಸಿರಿನಲ್ಲಿ ಬರುವುದನ್ನು ಕಂಡು ಕಾಸರಗೋಡಿನವನಾದ ನನಗೆ ಕಿವಿ ನೆಟ್ಟಗಾದುದು ಬೇರೆ ಮಾತು.

ಇಚಲಕರಂಜಿಗೆ ಬಂದರೆ ಕಿವಿಗೆ ಬೀಳುವುದು ಮಗ್ಗದ ಸದ್ದು. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹೂಡಿದಂದಿನಿಂದ ಬೆಳೆದ ಊರು ಅದು. ಬಟ್ಟೆಯ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹೊಸ ಹಾಸಿನ ಉರುಳೆ ಏರಿಸಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಬೇಕು. ಸಾವಿರಾರು ಗಂಟುಗಳು. ಆಮೇಲೆ ಮಗ್ಗ ಓಡಿಸಿ ಆ ಗಂಟುಗಳು ಮುಂದೆ ಸರಿದುಹೋಗುವ ತನಕ ನೇಯ್ದುದು ಸರಿಯಾದ ಬಟ್ಟೆಯಲ್ಲ. ಅದನ್ನು ಕತ್ತರಿಸಿ ಬದಿಗಿಡುತ್ತಾರೆ.

ಲೇಖನ ಬರೆಯುವ ನನಗೆ ಇದಕ್ಕಿಂತ ದೊಡ್ಡ ಪಾಠವನ್ನು ಯಾವ ಪಂಡಿತರೂ ಹೇಳಿಕೊಟ್ಟಿಲ್ಲ. ನಾವು ಕಾಗದದ ಮೇಲೆ ಮೊದಲು ಬರೆಯುವ ಐದಾರು ವಾಕ್ಯಗಳು ಆ ಗಂಟುಗಳೇ. ಕೈ ಬಿಸಿಯಾಗಲೆಂದು, ವಿಷಯ ಎಲ್ಲಿದೆ ಎಂದು ತಡಕಲೆಂದು ಬರೆದುವು. ಬರೆಯದೆ ನಿರ್ವಾಹವಿಲ್ಲ, ಆದರೆ ಮಾರುಕಟ್ಟೆಗೆ ಒಯ್ಯಬಾರದು. ಬರೆದು ಮುಗಿಸಿದ ಬಳಿಕ ಮೊದಲ ಪ್ಯಾರಾವನ್ನು ಬೆರಳಿನಿಂದ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಹತ್ತರಲ್ಲಿ ಏಳು ಸಲ ಲೇಖನ ಅಲ್ಲಿಂದಲೇ ತೊಡಗುತ್ತದೆ. ನಮ್ಮ ಪತ್ರಿಕೆಗೆ ಬರುವ ವರದಿಗಳಲ್ಲಿಯೂ ಅಷ್ಟೆ. ‘ಇತ್ತೀಚೆಗೆ ಇಲ್ಲಿ ವಿಜೃಂಭಣೆಯಿಂದ ಜರಗಿತು’ ಎಂಬ ವಾಕ್ಯವನ್ನು ಹೊಡೆದುಹಾಕಿದರೆ ಅದರ ಕೆಳಗೆ ಸುದ್ದಿ ಬೆಚ್ಚಗೆ ಮಲಗಿರುತ್ತದೆ.

ಇಚಲಕರಂಜಿಯಲ್ಲಿ 1974ರಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಲನ ಜರಗಿತು, ಅಧ್ಯಕ್ಷರು ಪು. ಲ. ದೇಶಪಾಂಡೆ. ಬೆಳಗಾವಿಯ ಕನ್ನಡ ಬೆರೆತ ಮರಾಠಿಯನ್ನು ತಮ್ಮ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರದಲ್ಲಿ ಇಡೀ ಮಹಾರಾಷ್ಟ್ರಕ್ಕೆ ಪ್ರಿಯವಾಗಿಸಿದವರು ಅವರು. ಗಡಿಯ ಭಾಷೆಯೆಂದು ನಾವು ನಾಚಿ ಮುಚ್ಚಿಡುವ ಉಚ್ಚಾರವೇ ಒಬ್ಬ ಸಮರ್ಥನ ಕೈಯಲ್ಲಿ ಸಭೆಯನ್ನು ಹಿಡಿದು ನಿಲ್ಲಿಸುತ್ತದೆ.

ನಾಚಿಕೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಆ ಕಡೆಯ ಹಾತಕಣಂಗಲೆ ತಾಲೂಕಿನ ಮಾಣಗಾಂವದಲ್ಲಿ 1920ರ ಮಾರ್ಚ್ 21 ಮತ್ತು 22ರಂದು ಅಸ್ಪೃಶ್ಯರ ಪರಿಷತ್ತು ನೆರೆದಿತ್ತು. ಡಾ. ಅಂಬೇಡಕರರು ಅಧ್ಯಕ್ಷರು. ಕೊಲ್ಹಾಪುರದ ಶಾಹೂ ಮಹಾರಾಜರು ಸ್ವತಃ ಬಂದು, ನಿಮ್ಮ ನಾಯಕನನ್ನು ನೀವೇ ಕಂಡುಕೊಂಡಿರಿ ಎಂಬರ್ಥದ ಮಾತನ್ನಾಡಿದರು. ಆ ಭಾಷಣದಿಂದ ಜನ ಇಂದಿಗೂ ಮುಖ್ಯವಾಗಿ ನೆನೆಯುವುದು ಆ ಒಂದೇ ಮಾತನ್ನು. ಅದಕ್ಕೆ ಎರಡು ತಿಂಗಳ ಹಿಂದೆ, ಜನವರಿ 31ರಂದು, ಅಂಬೇಡಕರರು ‘ಮೂಕನಾಯಕ’ ಪಾಕ್ಷಿಕವನ್ನು ತೊಡಗಿದ್ದರು. ಶಾಹೂ ಮಹಾರಾಜರು ಅದಕ್ಕೆ 2,500 ರೂಪಾಯಿ ಕೊಟ್ಟಿದ್ದರು. ಪತ್ರಿಕೆಯ ನೆತ್ತಿಯಲ್ಲಿ ಅಂಬೇಡಕರರು ಅಚ್ಚು ಹಾಕಿಸಿದ್ದು ತುಕಾರಾಮನ ಅಭಂಗವೊಂದನ್ನು. ಇನ್ನು ಸಂಕೋಚ ಹಿಡಿದು ಕುಳಿತು ಮಾಡುವುದೇನು, ಬಾಯಿ ಬಿಟ್ಟಾಯಿತು, ಮೂಕನ ಕಡೆಗೆ ಲೋಕದಲ್ಲಿ ಯಾರೂ ನಿಲ್ಲುವುದಿಲ್ಲ ಎಂಬುದು ಅದರ ಭಾವ. ಹೆಸರು ಮೂಕನಾಯಕ, ಅದರ ಕೆಳಗೆ ಈ ಮಾತು!

ಇದೂ ಎರವಲು ತಂದ ಕವಿವಾಣಿಯೇ ಅಲ್ಲವೇ, ನಮ್ಮ ಮಕ್ಕಳು ಕವಿವಾಣಿಯಿಂದ ತೊಡಗಿದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ತಪ್ಪಿಲ್ಲ. ಆದರೆ ಅಲ್ಲಿ ಎರವಲು ತಂದವನಿಗೆ ಆ ಮಾತಿನ ಅಗತ್ಯವಿತ್ತು. ಓದುಗನ ಮನೆಯ ಭಾಷೆಯ, ಓದುಗನು ಕೀರ್ತನೆಯಲ್ಲಿ ಕೇಳಿ ಬಲ್ಲ ಸಂತನ ಮಾತನ್ನೇ ಆರಿಸಿ ಅವನ ಸ್ವಂತ ಗಾಯದ ಮೇಲೆ ಇಟ್ಟರು. ನಾವು ಹತ್ತು ಮಕ್ಕಳ ಬಾಯಲ್ಲಿ ಒಂದೇ ಕವಿಯ ಒಂದೇ ಸಾಲನ್ನು ಹಾಕಿಸಿದರೆ ನಾಲ್ಕನೆಯ ಮಗುವಿನ ಹೊತ್ತಿಗೆ ತೀರ್ಪುಗಾರರೂ ಜೊತೆಗೆ ಗುನುಗತೊಡಗುತ್ತಾರೆ.

ಕೊಲ್ಹಾಪುರದಲ್ಲಿಯೇ ನೆಲೆಸಿದ್ದ ವಿ. ಸ. ಖಾಂಡೇಕರರ ‘ಯಯಾತಿ’ 1959ರಲ್ಲಿ ಹೊರಬಂದು 1974ರಲ್ಲಿ ಜ್ಞಾನಪೀಠ ಪಡೆದ ಕಾದಂಬರಿ. ಅಲ್ಲಿ ಅರಸನು ತನ್ನ ಕಥೆಯನ್ನು ತಾನೇಕೆ ಹೇಳುತ್ತಿದ್ದೇನೆಂದು ತನ್ನನ್ನೇ ಕೇಳಿಕೊಳ್ಳುತ್ತ ತೊಡಗುತ್ತಾನೆ. ಭಾಷಣ ಬರೆಯುವವರೂ ಲೇಖನಿ ಎತ್ತುವ ಮುಂಚೆ ಹಾಗೆ ಕೇಳಿಕೊಂಡರೆ ಎಷ್ಟೋ ಭಾಷಣಗಳು ಉಳಿತಾಯವಾಗುತ್ತಿದ್ದವು.

ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿ ಹರಿಯುತ್ತದೆ. ಮುಂದೆ ಅದು ಕರ್ನಾಟಕಕ್ಕೆ ದಾಟಿ ಘಟಪ್ರಭೆಯನ್ನು ಸೇರುತ್ತದೆ. ಆ ತಾಲೂಕಿನ ಹಳ್ಳಿಯ ಕನ್ನಡ ಮನೆಯೊಂದರ ಹುಡುಗಿ ತನ್ನ ಭಾಷೆಯ ಕುರಿತು ಮಾತಾಡಬೇಕೆಂದಿಟ್ಟುಕೊಳ್ಳಿ. ‘ನಮ್ಮ ಅಜ್ಜಿ ಎಮ್ಮೆಯನ್ನು ಕನ್ನಡದಲ್ಲಿ ಬೈಯುತ್ತಾಳೆ, ಹಾಲಿನ ಲೆಕ್ಕವನ್ನು ಮರಾಠಿಯಲ್ಲಿ ಹೇಳುತ್ತಾಳೆ’ ಎಂದು ಅವಳು ತೊಡಗಿದರೆ ಯಾವ ಸಭೆ ತಲೆಯೆತ್ತದೆ ಇದ್ದೀತು? ಕನ್ನಡದವನೂ ನಗುತ್ತಾನೆ, ಮರಾಠಿಯವನೂ ನಗುತ್ತಾನೆ. ನಕ್ಕ ಮೇಲೆ ಇಬ್ಬರೂ ಕೇಳಲು ಸಿದ್ಧರಾಗುತ್ತಾರೆ. ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಮಕ್ಕಳ ಮನೆಯಲ್ಲಿ ಇಂಥ ವಾಕ್ಯಗಳಿಗೆ ಕೊರತೆಯೇ? ತುಳುವಿನಲ್ಲಿ ಜಗಳ, ಕನ್ನಡದಲ್ಲಿ ಪ್ರಾರ್ಥನೆ, ಮಲಯಾಳದಲ್ಲಿ ಬಸ್ ಟಿಕೇಟು.

ಭಾಷಣವಾದರೆ ಕೆಟ್ಟರೂ ಸಂಜೆಗೆ ಮರೆತುಹೋಗುತ್ತದೆ. ಮನವಿಪತ್ರ ಹಾಗಲ್ಲ. ಮರಾಠಿ ಜಿಲ್ಲೆಯಲ್ಲಾಗಲಿ ನಮ್ಮಲ್ಲಾಗಲಿ ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಸರಕಾರಕ್ಕೆ ಬರೆಯುವ ಪ್ರಸಂಗ ಬಂದಾಗ ನಾವು ಮಾಡುವುದೇನು? ಎರಡು ಸಾವಿರ ವರ್ಷಗಳ ಇತಿಹಾಸದಿಂದ ತೊಡಗುತ್ತೇವೆ. ಹಲ್ಮಿಡಿ, ಪಂಪ, ಕುಮಾರವ್ಯಾಸ. ಬೇಡಿಕೆ ಮೂರನೆಯ ಪುಟದಲ್ಲಿ. ಅಧಿಕಾರಿ ಆ ಭಾಷೆ ತಿಳಿಯದವನು, ಮೇಜಿನ ಮೇಲೆ ಇನ್ನೂ ಐವತ್ತು ಕಡತ; ಪಂಪನ ಹತ್ತಿರ ಮುಟ್ಟುವ ಮೊದಲೇ ಕಾಗದ ಮಗುಚಿಡುತ್ತಾನೆ. ಸ್ವಲ್ಪ ಕಾನೂನು ಬಲ್ಲವರು ಸಂವಿಧಾನದ 350ಎ ವಿಧಿಯಿಂದ ತೊಡಗುತ್ತಾರೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ವಿಧಿಯದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಅದು ಬೇಕೇ ಬೇಕು, ಶಾಸನದ ವಂಶಾವಳಿಯ ಹಾಗೆ ಅದು ನಮ್ಮ ಪಾಗಾರ. ಆದರೆ ಅದು ಎರಡನೆಯ ಪ್ಯಾರಾಕ್ಕೆ ಸಾಕು.

ಮೊದಲಿಗೆ ಹೊಲ ಎಷ್ಟೆಂದು ಹೇಳಬೇಕು. ‘ನಮ್ಮ ಶಾಲೆಯ ಎರಡನೆಯ ತರಗತಿಯಲ್ಲಿ 23 ಮಕ್ಕಳಿದ್ದಾರೆ. ಜೂನ್ ತಿಂಗಳಿನಿಂದ ಅವರ ಅಧ್ಯಾಪಕರಿಗೆ ಅವರು ಹೇಳುವುದು ತಿಳಿಯುತ್ತಿಲ್ಲ, ಅಧ್ಯಾಪಕರು ಹೇಳುವುದು ಅವರಿಗೆ ತಿಳಿಯುತ್ತಿಲ್ಲ.’ 23ರ ಜಾಗದಲ್ಲಿ ನಿಮ್ಮ ಶಾಲೆಯ ಲೆಕ್ಕ ಹಾಕಿಕೊಳ್ಳಿ, ತಿಂಗಳನ್ನೂ ಸರಿಪಡಿಸಿಕೊಳ್ಳಿ. ಇದನ್ನು ಯಾವ ಭಾಷೆಗೆ ತಿರುಗಿಸಿದರೂ ಕೆಡುವುದಿಲ್ಲ. ಪಂಪನನ್ನು ಮಕ್ಕಳಿಗೆ ಪಾಠ ಮಾಡುವಾಗ ಹೇಳಿದರಾಯಿತು, ಅಧ್ಯಾಪಕರು ಬಂದ ಮೇಲೆ.