ಅಜ್ಜನ ಮನೆಯ ತೊಟ್ಟಿ

ತೀರ್ಥಹಳ್ಳಿ, ಕೊಪ್ಪ, ಸಾಗರದ ಕಡೆಯ ಅಜ್ಜನ ಮನೆಯಲ್ಲಿ ರಜೆ ಕಳೆದು ಬೆಳೆದವರನ್ನು ಆ ಮನೆ ಹೇಗಿತ್ತೆಂದು ಕೇಳಿ ನೋಡಿ. ಉದ್ದಗಲದ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ. ಸುಡುವ ಏಪ್ರಿಲ್‌ನಲ್ಲೂ ಬರಿಗಾಲಿಗೆ ತಣ್ಣಗೆ ತಾಗುತ್ತಿದ್ದ ನೆಲ, ತಲೆ ತಗ್ಗಿಸಿಯೇ ದಾಟಬೇಕಿದ್ದ ಬಾಗಿಲು, ಹಗಲಲ್ಲೂ ಹೆದರಿಸುತ್ತಿದ್ದ ಅಟ್ಟದ ಕತ್ತಲು, ಗಾಜಿನ ಹೆಂಚಿನಿಂದ ಅಡುಗೆಮನೆಯ ಹೊಗೆಯೊಳಗೆ ಇಳಿಯುತ್ತಿದ್ದ ಬಿಸಿಲಕೋಲು: ಮಾತು ಹೊರಡುವುದೇ ಇಂಥವುಗಳಿಂದ. ಮಗುವಿನ ಮನಸ್ಸಿಗೆ ಅಂಟಿದ ಈ ಒಂದೊಂದರ ಹಿಂದೆಯೂ ಮನೆ ಕಟ್ಟಿದವರ ಲೆಕ್ಕಾಚಾರವಿದೆ.

ಆ ಲೆಕ್ಕಾಚಾರದ ನಡುಮಧ್ಯೆ ಇರುವುದು ತೊಟ್ಟಿ. ನಾಲ್ಕು ಕಡೆಯ ಮಾಡು ಒಳಮುಖವಾಗಿ ಇಳಿಯುತ್ತದೆ. ನಡುವೆ ಆಕಾಶಕ್ಕೆ ತೆರೆದ ತಗ್ಗಿನ ಅಂಗಳ, ಅದರ ಸುತ್ತ ಜಗಲಿ, ಜಗಲಿಯಾಚೆ ಕೋಣೆಗಳು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಸೀಮೆಯಲ್ಲಿ ಹೊರಗೋಡೆಗೆ ದೊಡ್ಡ ಕಿಟಕಿ ಇಟ್ಟರೆ ಎರಚಲು ಒಳಗೇ ಬರುತ್ತದೆ. ಆದ್ದರಿಂದ ಹೊರಗೋಡೆ ದಪ್ಪ, ಕಿಟಕಿ ಸಣ್ಣದು. ಬೆಳಕು ಬರಬೇಕಾದದ್ದು ನಡುವಿನಿಂದ. ಬೇಸಿಗೆಯಲ್ಲಿ ಬಿಸಿಗಾಳಿ ತೊಟ್ಟಿಯ ಮೇಲಿಂದ ಹೊರಗೆ ಹೋಗುತ್ತದೆ, ತಗ್ಗಿನ ಸೂರಿನ ನೆರಳಲ್ಲಿ ತಂಪಾದ ಗಾಳಿ ಅದರ ಜಾಗಕ್ಕೆ ಬರುತ್ತದೆ. ಮಣ್ಣಿನ ದಪ್ಪ ಗೋಡೆ ಹಗಲಿನ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ. ಮಕ್ಕಳು ಮಧ್ಯಾಹ್ನ ಬರಿನೆಲದ ಮೇಲೆ ಉರುಳಿ ನಿದ್ದೆಹೋಗುತ್ತಿದ್ದದ್ದು ಇದರಿಂದಲೇ.

ಮಳೆಗಾಲದಲ್ಲಿ ತೊಟ್ಟಿಯ ರೂಪವೇ ಬೇರೆ. ಎರಡು ಮಾಡು ಕೂಡುವ ಮೂಲೆಗಳಿಂದ ನೀರು ಧೋ ಎಂದು ಸುರಿದು, ಕಲ್ಲಿನ ಮೋರಿ ಹಿಡಿದು ತೋಟದ ಕಡೆ ಹೋಗುತ್ತದೆ. ಆ ಮೋರಿಯ ಬಾಯಿಗೆ ಬಟ್ಟೆ ತುರುಕಿ, ನೀರು ಕಟ್ಟಿ, ಕಾಗದದ ದೋಣಿ ಬಿಟ್ಟು ಅಜ್ಜಿಯಿಂದ ಬೈಸಿಕೊಳ್ಳದ ಮೊಮ್ಮಕ್ಕಳು ಅಪರೂಪ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಬಾಗಿಲು ತೊಟ್ಟಿಯ ಕಡೆಗೇ ತೆರೆಯುತ್ತಿದ್ದರಿಂದ ಅಜ್ಜಿ ಒಲೆ ಬಿಟ್ಟು ಏಳದೆಯೇ ಎಲ್ಲರ ಮೇಲೂ ಕಣ್ಣಿಡಬಹುದಿತ್ತು. ಮಕ್ಕಳು ಮಳೆಯಲ್ಲಿ ನೆನೆಯುತ್ತಿದ್ದರೂ ಮನೆಯೊಳಗೇ ಇರುತ್ತಿದ್ದರು. ಮಕ್ಕಳನ್ನು ಕಟ್ಟಿಹಾಕದೆ ಕಾಯುವ ಇಂಥ ಜಾಗ ಇಂದಿನ ಮನೆಗಳಲ್ಲಿಲ್ಲ. ಅದು ಸಣ್ಣ ನಷ್ಟವಲ್ಲ.

ಅಡಿಕೆ ಕೊಯ್ಲಿನ ಕಾಲದಲ್ಲಿ ಅದೇ ಜಗಲಿ ಕೆಲಸದ ಜಾಗ. ದೀಪದ ಬೆಳಕಿನಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೊತ್ತು ಮೀರುವವರೆಗೂ ಅಡಿಕೆ ಸುಲಿಯುತ್ತಿದ್ದರು. ದೆವ್ವದ ಕತೆ, ಹುಲಿಯ ಕತೆ, ಊರಿನ ಜಗಳಗಳ ಒಳಸುದ್ದಿ ಎಲ್ಲವೂ ಕಂಬಕ್ಕೊರಗಿ ಕೂತ ಮಕ್ಕಳ ಕಿವಿಗೆ ಬಿದ್ದದ್ದು ಅಲ್ಲಿಯೇ.

ಇಂಥ ಮನೆಯನ್ನು ಕಣ್ಣಾರೆ ನೋಡಬೇಕೆಂದರೆ ಕುಪ್ಪಳಿಗೆ ಹೋಗಬೇಕು. ಕುವೆಂಪು ಬಾಲ್ಯ ಕಳೆದ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಜೀರ್ಣೋದ್ಧಾರ ಮಾಡಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ನಡುವೆ ತೆರೆದ ಅಂಗಳ, ಸುತ್ತ ಮರದ ಕಂಬಗಳ ಜಗಲಿ, ಮೇಲೆ ಉಪ್ಪರಿಗೆ. ಹಳೆಯ ಪಾತ್ರೆಪಗಡಗಳೂ ಬೇಸಾಯದ ಸಲಕರಣೆಗಳೂ ಅಲ್ಲಿವೆ. ಕುವೆಂಪು ಅವರ ಆತ್ಮಕತೆ ‘ನೆನಪಿನ ದೋಣಿಯಲ್ಲಿ’ ಓದಿ ಆ ಜಗಲಿಯ ಮೇಲೆ ಕೂತವರಿಗೆ ಪುಸ್ತಕವೂ ಮನೆಯೂ ಒಂದನ್ನೊಂದು ವಿವರಿಸುತ್ತವೆ. ಇನ್ನೊಂದು ಮನೆಯನ್ನು ದೇಶವೇ ನೋಡಿದೆ. 1980ರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಆಗುಂಬೆಯಲ್ಲಿ. ಅಲ್ಲಿನ ದೊಡ್ಡಮನೆ ಆ ಧಾರಾವಾಹಿಯಲ್ಲಿ ಕಾಣಿಸಿಕೊಂಡಿತು. ಆರ್. ಕೆ. ನಾರಾಯಣ್ ಅವರ ಸ್ವಾಮಿ ಮತ್ತು ಅವನ ಅಜ್ಜಿಯ ಕತೆಗೆ ಮಲೆನಾಡಿನ ಕಂಬ, ಜಗಲಿಗಳು ಎಷ್ಟು ಚೆನ್ನಾಗಿ ಹೊಂದಿಕೊಂಡವೆಂದರೆ, ಬಹಳ ಮಂದಿಯ ಕಣ್ಣಿಗೆ ಮಾಲ್ಗುಡಿ ಎಂದರೆ ಇಂದಿಗೂ ಆಗುಂಬೆಯೇ.

ಕೊಡಗಿನ ಐನ್‌ಮನೆಯ ಕ್ರಮ ಬೇರೆ. ಅದು ಇಡೀ ಒಕ್ಕದ, ಅಂದರೆ ಕುಲದ, ಮನೆ. ಮುಂದಿನ ಕೈಯಾಲೆಯಲ್ಲಿ ಕಂಬಗಳ ನಡುವೆ ಅಗಲವಾದ ಮರದ ಹಲಗೆ, ಐಮರ, ಹಿರಿಯರಿಗೆ ಮೀಸಲು. ಸುಗ್ಗಿಯ ಹಬ್ಬವಾದ ಪುತ್ತರಿಗೆ ಒಕ್ಕದವರೆಲ್ಲ ಸೇರಿದಾಗ ಮಕ್ಕಳಿಗೆ ತಮ್ಮ ಬಂಧುಬಳಗ ಎಷ್ಟು ದೊಡ್ಡದೆಂದು ತಿಳಿಯುವುದು ಆ ಅಂಗಳದಲ್ಲಿ.

ಹಳೆಯದೆಂದು ನಾವು ನೆನೆಯುವ ಕೆಂಪು ಮಾಡು ಅಷ್ಟೇನೂ ಪುರಾತನವಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಮೊದಲು ಸೋಗೆ, ಹುಲ್ಲು, ನಾಡಹೆಂಚು. ಹೆಂಚು ಬಂದರೂ ಆರೈಕೆ ತಪ್ಪಲಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಯಾರಾದರೂ ಮಾಡು ಹತ್ತಿ ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ಮೂಲೆಗಳಲ್ಲಿ ಕಟ್ಟಿಕೊಂಡ ದರಗು ತೆಗೆಯಬೇಕು. ಒಂದೆರಡು ಮಳೆಗಾಲ ಬಿಟ್ಟರೆ ನೀರು ಪಕಾಸಿಗೆ ಇಳಿಯುತ್ತದೆ, ಗೆದ್ದಲು ಹಿಡಿಯುತ್ತದೆ, ಮಣ್ಣಿನ ಗೋಡೆ ಕುಸಿಯುತ್ತದೆ. ಮಕ್ಕಳೆಲ್ಲ ಬೆಂಗಳೂರು ಸೇರಿ ಇಬ್ಬರು ಮುದುಕರಷ್ಟೇ ಉಳಿದ ಮನೆಯಲ್ಲಿ ಮಾಡು ಹತ್ತುವವರು ಯಾರು? ಆಸ್ತಿ ಪಾಲಾದಾಗ ತೊಟ್ಟಿಯ ನಡುವೆಯೇ ಗೋಡೆ ಎದ್ದದ್ದೂ ಇದೆ. ಕೆತ್ತನೆಯ ಕಂಬ, ಬಾಗಿಲುವಾಡಗಳನ್ನು ಬಿಡಿಬಿಡಿಯಾಗಿ ಕೊಳ್ಳುವವರು ಆಮೇಲೆ ಬರುತ್ತಾರೆ.

ಎಲ್ಲ ಮನೆಗಳನ್ನೂ ಉಳಿಸಿಕೊಳ್ಳಿ ಎಂದು ದೂರದಲ್ಲಿ ಕೂತು ಹೇಳುವುದು ಸುಲಭ, ಖರ್ಚು ಹೊರುವವರಿಗೆ ಕಷ್ಟ. ಆದರೆ ದಾಖಲಿಸುವುದು ಎಲ್ಲರ ಕೈಯಲ್ಲೂ ಆಗುವ ಕೆಲಸ. ಮುಂದಿನ ಸಲ ಊರಿಗೆ ಹೋದಾಗ ಅಳತೆಯ ಟೇಪು ಹಿಡಿದು ಅಜ್ಜನ ಮನೆಯ ನಕ್ಷೆ ಬರೆಯಿರಿ. ಪ್ರತಿ ಕೋಣೆಯ ಫೋಟೊ ತೆಗೆಯಿರಿ. ಯಾವ ಮರ ಎಲ್ಲಿಂದ ಬಂತು, ಕಟ್ಟಿದ ಬಡಗಿ ಯಾವ ಊರಿನವನು, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೇಳುವ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಸಿ.