ಕಣ್ಣುರಿಗೆ ಯಾವ ಹನಿ? ಸಿಕ್ಕಿದ್ದು ಬಿಟ್ಟರೆ ದೃಷ್ಟಿಗೇ ಸಂಚಕಾರ!

ದೇವಾಪುರ: ಬೇಸಿಗೆ ಬಂತೆಂದರೆ ಈ ಸೀಮೆಯಲ್ಲಿ ಹಳ್ಳದ ಜತೆಗೆ ಕಣ್ಣೂ ಒಣಗುತ್ತದೆ. ನೆತ್ತಿ ಸುಡುವ ಬಿಸಿಲು, ರಸ್ತೆಯ ಧೂಳು, ಬಸ್ಸಿನ ಕಿಟಕಿಯಿಂದ ಮುಖಕ್ಕೆ ಬಡಿಯುವ ಬಿಸಿಗಾಳಿ, ಮೆಣಸಿನಕಾಯಿಯ ಘಾಟು. ದಿನಾ ಸುರಪುರ, ಶಹಾಪುರಕ್ಕೆ ಓಡಾಡುವವರದೂ ಒಂದೇ ಮಾತು, ಗಲ್ಲಾ ಮುಂದೆ ಕೂತವರದೂ ಒಂದೇ ಮಾತು: "ಕಣ್ಣಾಗ ಉಸುಕು ಬಿದ್ದಂಗ ಆಗ್ಯಾದ."

ಆಮೇಲೆ ಹೋಗುವುದು ನೇರ ಮೆಡಿಕಲ್ ಅಂಗಡಿಗೆ. "ಕಣ್ಣು ಉರೀಲಾಕತ್ತಾವ, ಒಂದ್ ಡ್ರಾಪ್ಸ್ ಕೊಡ್ರಿ ಅಣ್ಣಾರ" ಎಂದರೆ ಮುಗೀತು. ಯಾವ ಡ್ರಾಪ್ಸ್ ಎಂದು ಗಿರಾಕಿ ಕೇಳುವುದಿಲ್ಲ. ಯಾಕೆ ಉರಿ ಎಂದು ಕೊಡುವವರೂ ಕೇಳುವುದಿಲ್ಲ. ಅಪಾಯ ಶುರುವಾಗುವುದೇ ಇಲ್ಲಿ. ಕಣ್ಣಿನ ಬಾಟಲಿಗಳೆಲ್ಲ ನೋಡಲು ಒಂದೇ ತರಹ. ಒಳಗಿರುವುದು ಮಾತ್ರ ಬೇರೆ ಬೇರೆ.

ನೀರು ಬರುವ ಒಣಗಣ್ಣು!

ಕಣ್ಣೀರೆಂದರೆ ಬರೀ ನೀರಲ್ಲ. ಅದರಲ್ಲಿ ಲೋಳೆ ಉಂಟು, ನೀರು ಉಂಟು, ಮೇಲೆ ತೆಳ್ಳಗೆ ಎಣ್ಣೆಯ ಪದರ ಉಂಟು. ಎಣ್ಣೆ ಬರುವುದು ರೆಪ್ಪೆಯಂಚಿನ ಸಣ್ಣ ಗ್ರಂಥಿಗಳಿಂದ. ಎಣ್ಣೆ ಕಡಿಮೆಯಾದರೆ ನೀರು ಬೇಗ ಆರಿಹೋಗುತ್ತದೆ, ಕಣ್ಣು ಚುಚ್ಚುತ್ತದೆ. ಚುಚ್ಚಿದಾಗ ಕಣ್ಣು ತಾನಾಗಿ ಗಳಗಳ ನೀರು ಸುರಿಸುತ್ತದೆ. ಹೀಗಾಗಿ "ನೀರು ಬರ್ತದ, ಒಣಗೋದು ಹೆಂಗ?" ಎಂದು ಕೇಳುವವರ ಕಣ್ಣೇ ಒಣಗಿರಬಹುದು.

ಮೊಬೈಲ್ ನೋಡುತ್ತ ಕೂತವರು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ. ಅದೂ ಒಂದು ಕಾರಣ. ವಯಸ್ಸು, ಮುಟ್ಟು ನಿಂತ ಹೆಂಗಸರ ದೇಹಸ್ಥಿತಿ, ಸಕ್ಕರೆ ಕಾಯಿಲೆ, ನೆಗಡಿಗೆಂದು ನುಂಗುವ ಕೆಲವು ಗುಳಿಗೆಗಳೂ ಕಣ್ಣು ಒಣಗಿಸುತ್ತವೆ.

ಬೇಕಾದ ಹನಿ

ಇದಕ್ಕೆ ಬೇಕಾದದ್ದು ಕೃತಕ ಕಣ್ಣೀರು. ಬಾಟಲಿಯ ಮೇಲೆ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಅಂದರೆ ಸಿಎಂಸಿ, ಅಥವಾ ಹೈಪ್ರೊಮೆಲೋಸ್ ಇಲ್ಲವೆ ಸೋಡಿಯಂ ಹೈಲುರೊನೇಟ್ ಎಂದಿರುತ್ತದೆ. ಸಿಎಂಸಿಯಲ್ಲಿ ಶೇ. 0.5ರದು ತೆಳು, ಹಗಲಿಗೆ ಅನುಕೂಲ. ಶೇ. 1ರದು ಮಂದ, ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುತ್ತದೆ. ಮಂದ ಹನಿ ಬಿಟ್ಟುಕೊಂಡು ಗಾಡಿ ಹತ್ತಬಾರದು. ಜನೌಷಧಿ ಅಂಗಡಿಯಲ್ಲಿ ಸಿಎಂಸಿ ಹನಿ ಕಡಿಮೆ ಬೆಲೆಗೆ ಸಿಗುತ್ತದೆ. ಹೆಸರು ದೊಡ್ಡದಾದ ಮಾತ್ರಕ್ಕೆ ಗುಣ ದೊಡ್ಡದಲ್ಲ.

ಔಷಧ ಕೆಡದಿರಲೆಂದು ಬಹಳಷ್ಟು ಬಾಟಲಿಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್‌ನಂಥ ರಾಸಾಯನಿಕ ಸೇರಿಸಿರುತ್ತಾರೆ. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಿಟ್ಟರೆ ಅದೇ ಕಣ್ಣಿಗೆ ಕಿರಿಕಿರಿ. ಮೇಲಿಂದ ಮೇಲೆ ಹನಿ ಬೇಕಾದವರು ಅದಿಲ್ಲದ ಔಷಧ ಕೇಳಬೇಕು.

ಬೇಡವಾದ ಹನಿ

ಒಂದು: ಕೆಂಪು ತೆಗೆಯುವ ಹನಿ. ನ್ಯಾಫಜೋಲಿನ್‌ನಂಥದು ರಕ್ತನಾಳ ಕುಗ್ಗಿಸಿ ಕಣ್ಣನ್ನು ಬೆಳ್ಳಗೆ ತೋರಿಸುತ್ತದೆ, ಒಣಗಿದ್ದನ್ನು ವಾಸಿ ಮಾಡುವುದಿಲ್ಲ. ದಿನಾ ಬಿಟ್ಟರೆ, ಬಿಟ್ಟು ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚು ಕೆಂಪು.

ಎರಡು: ಸ್ಟಿರಾಯ್ಡ್ ಹನಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರಿದ್ದರೆ ಎಚ್ಚರ! ಎರಡು ದಿನದಲ್ಲಿ ಉರಿ ಮಾಯ. ಗಿರಾಕಿಗೆ ಖುಷಿ, ಮುಂದಿನ ತಿಂಗಳು ಅದೇ ಬಾಟಲಿ ಬೇಕು. ಆದರೆ ತಿಂಗಳುಗಟ್ಟಲೆ ಬಿಟ್ಟರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಪೊರೆಯನ್ನು ಆಪರೇಷನ್ ಮಾಡಿ ತೆಗೆಯಬಹುದು. ಗ್ಲಾಕೋಮಾದಲ್ಲಿ ಸತ್ತ ನರ ತಿರುಗಿ ಬರುವುದಿಲ್ಲ. ನೋವಿಲ್ಲ, ಸದ್ದಿಲ್ಲ, ದೃಷ್ಟಿ ಅಂಚಿನಿಂದ ಕರಗುತ್ತದೆ. ಹೊಲದಲ್ಲಿ ಭತ್ತದ ಹೊಟ್ಟು, ಹತ್ತಿ ಕಟ್ಟಿಗೆ ಕಣ್ಣಿಗೆ ತಾಗಿ ಹುಣ್ಣಾದವರು ಇದನ್ನು ಬಿಟ್ಟುಕೊಂಡರಂತೂ ಬೂಸ್ಟಿನ ಸೋಂಕು ಬೆಳೆದು ಕಣ್ಣೇ ಹೋದೀತು. ವೈದ್ಯರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ.

ಮೂರು: ಮನೆಮದ್ದು. ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ಉಳ್ಳಾಗಡ್ಡಿ ರಸ, ಯಾವುದೂ ಕಣ್ಣಿಗಲ್ಲ.

ಮುಚ್ಚಳ ತೆರೆದ ಮೇಲೆ

ಸರಿಯಾದ ಹನಿಯೂ ಹೊಲಸಾದರೆ ವಿಷ. 2023ರಲ್ಲಿ ಅಮೆರಿಕದಲ್ಲಿ ನಮ್ಮ ದೇಶದಿಂದ ಹೋದ ಕೃತಕ ಕಣ್ಣೀರಿನ ನಂಟಿರುವ ಸೋಂಕು 18 ರಾಜ್ಯಗಳ 81 ಜನರಲ್ಲಿ ಪತ್ತೆಯಾಯಿತು. ನಾಲ್ವರು ಸತ್ತರು, 14 ಜನರ ದೃಷ್ಟಿ ಹೋಯಿತು. ಆದ್ದರಿಂದ ಸೀಲ್ ನೋಡಿ, ಅವಧಿ ನೋಡಿ ಕೊಳ್ಳಬೇಕು. ತೆರೆದ ದಿನವನ್ನು ಬಾಟಲಿಯ ಮೇಲೆಯೇ ಬರೆದು, ತಿಂಗಳಾದ ಮೇಲೆ ಉಳಿದಿದ್ದರೂ ಚೆಲ್ಲಬೇಕು. ಮನೆಮಂದಿಗೆಲ್ಲ ಒಂದೇ ಬಾಟಲಿ ಬೇಡ.

ಕೈ ತೊಳೆದು, ಕೆಳರೆಪ್ಪೆ ಎಳೆದು, ತುದಿ ಕಣ್ಣಿಗೆ ತಾಗದಂತೆ ಒಂದೇ ಹನಿ ಬಿಟ್ಟು, ಒಂದು ನಿಮಿಷ ಕಣ್ಣು ಮುಚ್ಚಿದರೆ ಸಾಕು. ಹತ್ತು ಹನಿ ಸುರಿದರೆ ಒಂಬತ್ತು ಕೆನ್ನೆಗೆ.

ಯಾವಾಗ ಡಾಕ್ಟರ್?

ನೋವು, ಬೆಳಕು ನೋಡಲಾಗದಿರುವುದು, ಕೀವು, ದೃಷ್ಟಿ ಮಂಜಾಗುವುದು ಇದ್ದರೆ ಅಂಗಡಿ ಬಿಟ್ಟು ತಾಲೂಕು ಆಸ್ಪತ್ರೆಗೋ ಯಾದಗಿರಿಗೋ ಹೋಗಬೇಕು. ಮಗುವಿಗೆ ಸಂಜೆ ಕಣ್ಣು ಕಾಣದಿದ್ದರೆ ಅದು ಹನಿಯಿಂದ ಹೋಗುವ ಒಣಗಣ್ಣಲ್ಲ, ಎ ಜೀವಸತ್ವದ ಕೊರತೆ. ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಒಂಬತ್ತನೇ ತಿಂಗಳಿಂದ ಐದು ವರ್ಷದವರೆಗೆ ಸರ್ಕಾರವೇ ಮಕ್ಕಳಿಗೆ ಅದನ್ನು ಕುಡಿಸುತ್ತದೆ, ತಪ್ಪಿಸಬಾರದು.

ಚೀಟಿ ಇಲ್ಲದೆ ಸ್ಟಿರಾಯ್ಡ್ ಕೊಡುವುದನ್ನು ತಡೆಯುವುದು ಔಷಧ ಮಾರಾಟದ ಮೇಲೆ ಕಣ್ಣಿಡುವ ಸರ್ಕಾರಿ ಇಲಾಖೆಯ ಕೆಲಸ. ಆದರೆ ಕಣ್ಣು ಇಲಾಖೆಯದಲ್ಲ, ನಮ್ಮದು. ಲೇಬಲ್ ಇಂಗ್ಲಿಷಿನಲ್ಲಿ, ಅಕ್ಷರ ಸಾಸಿವೆ ಕಾಳಿನಷ್ಟು, ಓದಲಾಗದವರು ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಲಿ: "ಇದ್ರಾಗ ಸ್ಟಿರಾಯ್ಡ್ ಅದ ಏನ್ರಿ?"