ಹೇರುವ ಲಾರಿ, ವಾಸದ ಲಾರಿ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಹವಳಗಾದ ಕಡೆಗೆ ಹೋಗುವ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳು, ಎರಡೂ ಬದಿಗೆ ಕಬ್ಬು ಚಾಚಿಕೊಂಡ ಲಾರಿಗಳು ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಸಾಲುಗಟ್ಟುತ್ತವೆ. ಆ ಸಾಲಿನ ಲಾರಿಗಳ ಹಿಂಗಾಲಿಯ ಬಳಿ ಬಗ್ಗಿ ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ. ಆಕ್ಸೆಲ್ಲಿನ ಮೇಲೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಅಂದರೆ ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ‘ಪಾಟಾ’, ಗಾಡಿ ತಯಾರಾದಾಗ ಇದ್ದಷ್ಟೇ ಇರುವುದು ಅಪರೂಪ. ಎರಡೋ ಮೂರೋ ಪಟ್ಟಿಗಳು ಆಮೇಲೆ ಸೇರಿಕೊಂಡಿರುತ್ತವೆ. ಈ ಸೀಮೆಯಲ್ಲಿ ‘ಸಸ್ಪೆನ್ಷನ್ ಬದಲಾವಣೆ’ ಎಂದರೆ ಅಷ್ಟೇ: ಇನ್ನಷ್ಟು ಹೇರುವುದಕ್ಕೆ ಇನ್ನೊಂದು ಪಟ್ಟಿ.

ನನಗೆ ಬೇಕಾಗಿದ್ದುದು ಬೇರೆ. ಭೀಮಾ ದಂಡೆಯ ಊರುಗಳಲ್ಲಿ ವಾರಗಟ್ಟಲೆ ತಂಗಿ, ಹಿರಿಯರ ಬಾಯಲ್ಲಿ ಉಳಿದಿರುವ ಹಾಡು, ಕಥೆಗಳನ್ನು ದಾಖಲಿಸುವ ಕೆಲಸಕ್ಕೆಂದು ನಾವು ದಂಪತಿ ಹಳೆಯದೊಂದು ಪುಟ್ಟ ಲಾರಿಯನ್ನು ಕೊಂಡಿದ್ದೆವು. ಹಿಂದೆ ಮಂಚ, ಒಲೆ, ನೀರಿನ ಟಾಕಿ, ಪುಸ್ತಕ, ಬ್ಯಾಟರಿ. ಡಾಂಬರು ಮುಗಿದ ಮೇಲೂ ಎರೆಹೊಲದ ಬಂಡಿಜಾಡಿನಲ್ಲಿ ಅದು ಸಾಗಬೇಕು. ನನ್ನ ಪತ್ನಿಯ ಸೊಂಟದ ಮೂಳೆಯ ನಡುವಿನ ತಟ್ಟೆ ಜಾರಿ ಮೂರು ವರ್ಷ. ‘ಕುಲುಕಾಟ ಕೂಡದು’ ಎಂಬುದು ವೈದ್ಯರ ಕಟ್ಟಪ್ಪಣೆ. ಪಾಟಾ ಕೆಲಸದ ಮಿಸ್ತ್ರಿಯನ್ನು ಕಂಡಾಗ ಅವರು ಕೇಳಿದ ಮೊದಲ ಪ್ರಶ್ನೆ: ‘ಎಷ್ಟು ಟನ್ ಹೇರ್ತೀರಿ ಅದು ಹೇಳ್ರಿ ಸರ, ಅದರ ಮ್ಯಾಲ ಪಾಟಾ ಹಾಕ್ತೀನ್ರಿ.’ ‘ಏನೂ ಹೇರುವುದಿಲ್ಲ, ಇರುತ್ತೇವೆ’ ಎಂದೆ. ಅವರು ನಕ್ಕರು. ಆ ನಗೆಯಲ್ಲಿ ಒಂದು ಇಡೀ ಉದ್ಯಮದ ಚರಿತ್ರೆಯಿದೆ.

1980ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಕಂಪನಿಗಳ ಸಹಯೋಗದೊಂದಿಗೆ ನಾಲ್ಕು ಬಗೆಯ ಹಗುರ ಲಾರಿಗಳು ಭಾರತಕ್ಕೆ ಬಂದವು. ನಯವಾದ, ಹಿತವಾದ ವಾಹನಗಳು. 1986ರಲ್ಲಿ ಬಂದ ಟಾಟಾ 407 ಅವನ್ನೆಲ್ಲ ಹಿಂದೆ ಹಾಕಿತು. ನಮ್ಮ ರಸ್ತೆಯ ಹೊಂಡಗಳನ್ನೂ ನಮ್ಮ ವರ್ತಕರ ಹೇರಿಕೆಯ ಹಸಿವನ್ನೂ ತಾಳಿಕೊಂಡದ್ದು ಅದರ ಗೆಲುವಿಗೆ ಮುಖ್ಯ ಕಾರಣ. ಗಡಸುತನವೇ ಗುಣ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದು ಹೀಗೆ. ಸರಕಿನ ಲಾರಿಗೆ ಅದು ಒಪ್ಪುವಂಥದ್ದೇ. ಇಂದು ಹತ್ತು ಟನ್ ಹೊತ್ತು ನಾಳೆ ಬರಿದಾಗಿ ಓಡುವ ಗಾಡಿಯ ಪಾಟಾವನ್ನು ಪೂರ್ತಿ ಹೇರಿಕೆಗೆ ತಕ್ಕಂತೆಯೇ ಮಾಡಬೇಕಾಗುತ್ತದೆ. ಖಾಲಿ ಇದ್ದಾಗ ಅದು ಕುಪ್ಪಳಿಸಿದರೆ ಮೂಟೆಗೇನೂ ನೋವಾಗುವುದಿಲ್ಲ. ವಾಸದ ಲಾರಿಯ ಸ್ಥಿತಿ ಇದಕ್ಕೆ ತೀರ ಭಿನ್ನ. ಅದರ ಭಾರ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆ ಒಂದು ಭಾರಕ್ಕೆ ಹೊಂದುವ ಪಾಟಾವನ್ನು ನಿಖರವಾಗಿ ಆಯ್ದುಕೊಳ್ಳುವ ಅವಕಾಶ ಅದಕ್ಕಿದೆ.

ಲೆಕ್ಕ ಕಠಿಣವಲ್ಲ. ಗಾಡಿಯ ಭಾರಕ್ಕೆ ಸ್ಪ್ರಿಂಗು ಎಷ್ಟು ಕುಸಿಯುತ್ತದೆಂಬುದೇ ಅದು ಎಷ್ಟು ವೇಗವಾಗಿ ತೂಗುತ್ತದೆಂಬುದನ್ನು ನಿರ್ಧರಿಸುತ್ತದೆ. 10 ಸೆಂಟಿಮೀಟರ್ ಕುಸಿದರೆ ನಿಮಿಷಕ್ಕೆ ಸುಮಾರು 95 ತೂಗಾಟ. ಚುರುಕಾಗಿ ನಡೆಯುವವನ ಹೆಜ್ಜೆಯ ಲಯಕ್ಕೆ ಹತ್ತಿರ, ದೇಹಕ್ಕೆ ಸಹ್ಯ. ಅದೇ ಪಾಟಾದ ಮೇಲೆ ಹತ್ತರಲ್ಲಿ ನಾಲ್ಕು ಪಾಲು ಭಾರವಷ್ಟೇ ಇದ್ದರೆ ಕುಸಿತ 4 ಸೆಂಟಿಮೀಟರ್, ತೂಗಾಟ ನಿಮಿಷಕ್ಕೆ 150. ಇನ್ನಷ್ಟು ಗಡಸಾದರೆ ಸೆಕೆಂಡಿಗೆ ನಾಲ್ಕರಿಂದ ಎಂಟು ಕಂಪನದ ವಲಯ ಹತ್ತಿರವಾಗುತ್ತದೆ. ಕುಳಿತ ಮನುಷ್ಯನ ಬೆನ್ನು, ಹೊಟ್ಟೆಗಳು ಮೇಲುಕೆಳಗಿನ ಕಂಪನಕ್ಕೆ ಅತ್ಯಂತ ಬೇಗ ನಲುಗುವುದು ಅಲ್ಲಿಯೇ. ಪಟ್ಟಿಯ ದಪ್ಪದ ಮಹಿಮೆ ಇನ್ನೂ ದೊಡ್ಡದು. 8 ಮಿಲಿಮೀಟರಿನ ಪಟ್ಟಿಗಳ ಬದಲು ಅಷ್ಟೇ ಸಂಖ್ಯೆಯ 10 ಮಿಲಿಮೀಟರಿನವನ್ನು ಹಾಕಿದರೆ ಗಡಸುತನ ಕಾಲುಪಾಲಲ್ಲ, ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ‘ಸ್ವಲ್ಪ ದಪ್ಪನೇದು ಹಾಕಿಬಿಡಿ’ ಎಂದು ಉದಾರವಾಗಿ ಹೇಳುವವರಿಗೆ ಇದು ತಿಳಿದಿರಬೇಕು.

ಹಾಗಾಗಿ ಮೊದಲ ಕೆಲಸ ಗ್ಯಾರೇಜಿನಲ್ಲಲ್ಲ, ವೇಬ್ರಿಜ್ಜಿನ ಮೇಲೆ. ಕಬ್ಬಿನ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಟಾಕಿ ತುಂಬಿಸಿ, ಸಾಮಾನೆಲ್ಲ ಒಳಗಿಟ್ಟು, ನಾವಿಬ್ಬರೂ ಕುಳಿತು, ಮೊದಲು ಮುಂಗಾಲಿ ಮಾತ್ರ, ಆಮೇಲೆ ಇಡೀ ಗಾಡಿ ತೂಗಿಸಿದೆವು. ಹಿಂದಿನ ಆಕ್ಸೆಲ್ಲಿನ ಮೇಲೆ ಅದರ ಮಿತಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾರವಷ್ಟೇ ಇತ್ತು. ಪಟ್ಟಿ ಸೇರಿಸುವ ಮಾತು ಅಲ್ಲಿಗೆ ಮುಗಿಯಿತು. ತೆಗೆಯುವ ಮಾತು ಶುರುವಾಯಿತು.

ತೆಗೆಯುವುದಕ್ಕೂ ಕ್ರಮವಿದೆ. ಕಟ್ಟಿನಿಂದ ಒಂದು ಪಟ್ಟಿ ಎಳೆದುಹಾಕಿದರೆ ಉಳಿದವುಗಳ ಮೇಲೆ ಬಳಲಿಕೆ ಹೆಚ್ಚಿ, ಒಂದು ದಿನ ಹೊಂಡದಲ್ಲಿ ಮುಖ್ಯ ಪಟ್ಟಿಯೇ ಮುರಿದೀತು. ಆಕ್ಸೆಲ್ಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಆ ಪಟ್ಟಿಯೇ. ಭಾರ ಹೆಚ್ಚಾದಾಗ ಮಾತ್ರ ಕೆಲಸಕ್ಕೆ ಬರುವ ಮೇಲಿನ ‘ಹೆಲ್ಪರ್’ ಕಟ್ಟನ್ನು ಹಗುರಗೊಳಿಸಿ, ಕೆಳಗಿನ ಕಟ್ಟನ್ನು ನಮ್ಮ ತೂಕದ ಚೀಟಿಗೆ ತಕ್ಕಂತೆ ಹೊಸದಾಗಿ ಮಾಡಿಸುವುದು ಸರಿಯಾದ ದಾರಿ. ನಾವು ಮಾಡಿಸಿದ್ದು ಅದನ್ನೇ. ನಡುವೆ ದಪ್ಪ, ತುದಿಗೆ ತೆಳುವಾದ ಪ್ಯಾರಾಬೋಲಿಕ್ ಪಟ್ಟಿಗಳು ಇನ್ನೂ ನಯ. ಪಟ್ಟಿ ಕಡಿಮೆ, ಒಂದಕ್ಕೊಂದು ಉಜ್ಜುವುದೂ ಕಡಿಮೆ. ಆದರೆ ಉಜ್ಜಾಟ ಕಡಿಮೆಯಾದಷ್ಟೂ ತೂಗಾಟ ತಾನಾಗಿ ನಿಲ್ಲುವುದಿಲ್ಲ. ಶಾಕ್ ಅಬ್ಸಾರ್ಬರ್ ಉತ್ತಮವಾಗಿರಲೇಬೇಕು. ಗಾಳಿ ತುಂಬುವ ರಬ್ಬರಿನ ಚೀಲಗಳನ್ನು ಹಲವರು ಹೊಗಳಿದರು. ಹೆದ್ದಾರಿಗೆ ಅವು ಸೊಗಸು. ಜಾಲಿಮುಳ್ಳಿನ ದಾರಿಯಲ್ಲಿ ಚೀಲ ಹರಿದರೆ ಅದಕ್ಕೆ ಔಷಧ ಕಲಬುರಗಿಯಲ್ಲೋ ಸೊಲ್ಲಾಪುರದಲ್ಲೋ. ಉಕ್ಕಿನ ಪಟ್ಟಿ ಮುರಿದರೆ ಹೋಬಳಿಯ ಊರಲ್ಲೂ ಬದಲಿ ಸಿಗುತ್ತದೆ. ವೆಲ್ಡಿಂಗ್ ಮಾತ್ರ ಮಾಡಿಸಬಾರದು. ಆ ಕಾವಿಗೆ ಉಕ್ಕಿನ ಹದವೇ ಹೋಗುತ್ತದೆ.

ಇನ್ನು ಗಾಡಿಯನ್ನು ಎತ್ತರಿಸುವ ಶೋಕಿ. ಪಾಟಾದ ಕೆಳಗೆ ದಿಮ್ಮಿಯಿಟ್ಟು ನಾಲ್ಕು ಇಂಚು ಏರಿಸಿದರೆ ಎಲ್ಲಿ ಬೇಕಾದರೂ ನುಗ್ಗಬಹುದೆಂಬ ಭ್ರಮೆ ಯುವಕರಲ್ಲಿದೆ. ಏರುವುದು ಗಾಡಿಯ ಒಡಲು ಮಾತ್ರ. ಜಾಡಿನ ನಡುದಿಣ್ಣೆಗೆ ತಾಗುವ ಡಿಫರೆನ್ಷಿಯಲ್ಲಿನ ಗುಂಡು ಇದ್ದಲ್ಲೇ ಇರುತ್ತದೆ. ಅದು ಮೇಲೇರಬೇಕಾದರೆ ದೊಡ್ಡ ಗಾಲಿ ಬೇಕು, ಇಲ್ಲವೇ ಜರ್ಮನಿಯ ಯುನಿಮಾಗ್‌ಗೆ ಇರುವಂಥ, ಗಾಲಿಯ ಬಳಿ ಹಲ್ಲುಚಕ್ರವಿಟ್ಟು ಇಡೀ ಆಕ್ಸೆಲ್ಲನ್ನೇ ಎತ್ತರಿಸಿದ ವ್ಯವಸ್ಥೆ ಬೇಕು. (ಶ್ರೀಮಂತ ಯಾತ್ರಿಕರು ಇಂದು ಮನೆಯಾಗಿ ಮಾಡಿಕೊಂಡಿರುವ ಈ ಯುನಿಮಾಗ್ 1948ರಲ್ಲಿ ಹುಟ್ಟಿದ್ದು ಹೊಲದ ಯಂತ್ರವಾಗಿ. ಅದರ ಗಾಲಿಗಳ ಅಂತರ ಆಲೂಗಡ್ಡೆಯ ಎರಡು ಸಾಲಿಗೆ ಸರಿಹೊಂದುವಂತಿತ್ತು.) ಏರಿಸಿದ ಗಾಡಿ ಇಳಿಜಾರಿನಲ್ಲಿ ಬೇಗ ವಾಲುತ್ತದೆ. ಅದಕ್ಕಿಂತ ಗುಪ್ತವಾದ ಅಪಾಯ ಬ್ರೇಕಿನದು. ಅನೇಕ ಹಗುರ ವಾಹನಗಳಲ್ಲಿ ಚಾಸಿಗೂ ಹಿಂದಿನ ಆಕ್ಸೆಲ್ಲಿಗೂ ಇರುವ ಅಂತರವನ್ನು ಅಳೆದು ಹಿಂಗಾಲಿಯ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಒಡಲನ್ನು ಏರಿಸಿದರೆ, ಪಾಟಾವನ್ನು ಗಡಸುಗೊಳಿಸಿದರೆ, ಗಾಡಿ ಖಾಲಿಯಿದೆಯೆಂದು ಅದು ತಿಳಿಯುತ್ತದೆ. ತುಂಬಿದ ಗಾಡಿಯ ಹಿಂದಿನ ಬ್ರೇಕು ದುರ್ಬಲವಾಗುತ್ತದೆ.

ಎರೆಮಣ್ಣಿನ ವಿಚಾರದಲ್ಲಿ ಯಾವ ಪಾಟಾದ ಆಟವೂ ನಡೆಯದು. ಒಣಗಿದಾಗ ಕೈ ಹೋಗುವಷ್ಟು ಬಿರುಕು, ನೆನೆದಾಗ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿಯನ್ನೇ ನಿಲ್ಲಿಸುವ ಅಂಟು. ಮಳೆ ಬಿದ್ದರೆ ನಿಂತಲ್ಲೇ ನಿಂತು ಮಣ್ಣು ಆರುವವರೆಗೆ ಚಹಾ ಕುಡಿಯಬೇಕು. ವಾಸದ ಲಾರಿ ಇರುವುದೇ ಅದಕ್ಕೆ. ಉಬ್ಬುತಗ್ಗಿನಲ್ಲಿ ಚಾಸಿ ತಿರುಚಿಕೊಳ್ಳುವುದರಿಂದ ಮೇಲಿನ ಮನೆಪೆಟ್ಟಿಗೆಯನ್ನು ಅದಕ್ಕೆ ಬಿಗಿಯಾಗಿ ಬೋಲ್ಟ್ ಮಾಡದೆ, ಮೂರು ಬಿಂದುಗಳ ಮೇಲೋ ಸ್ಪ್ರಿಂಗುಗಳ ಮೇಲೋ ಕೂರಿಸುವುದು ಒಳ್ಳೆಯದು. ಇಲ್ಲದಿದ್ದರೆ ಮೊದಲು ಬಿರುಕು ಬಿಡುವುದು ಕಪಾಟು, ಆಮೇಲೆ ಮೂಲೆಗಳು.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಜೈಲು, ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ನಾವು ಆರ್‌ಟಿಒ ಅನುಮತಿ ಪಡೆದೇ ಮುಂದುವರಿದೆವು. ಆದರೆ ಮನೆಗಟ್ಟಿದ ಗಾಡಿಯನ್ನು ದೂರದಿಂದಲೇ ಗುರುತಿಸಿ ತಡೆಯುವ ಕಣ್ಣಿಗೆ ಕಬ್ಬಿನ ಲಾರಿಯ ಹೆಚ್ಚುವರಿ ಪಟ್ಟಿಗಳು ಏಕೆ ಕಾಣುವುದಿಲ್ಲವೋ! ನಾಲ್ಕು ಟೈರಿನ ಒಂಟಿ ಆಕ್ಸೆಲ್ಲಿನ ಮಿತಿಯನ್ನು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಸರ್ಕಾರವೇ ಏರಿಸಿತು. ಅದರಾಚೆಯದನ್ನು ಹೊರಲೆಂದೇ ಆ ಪಟ್ಟಿಗಳು ಅಲ್ಲಿವೆ. ಪಾಟಾ ತಾಳಿದ ಮಾತ್ರಕ್ಕೆ ಆಕ್ಸೆಲ್ಲಾಗಲಿ ಬ್ರೇಕಾಗಲಿ ಟೈರಾಗಲಿ ತಾಳಬೇಕೆಂದಿಲ್ಲ.

ಹಳೆಯ ಕಾಲದವರಿಗೆ ಈ ವಿವೇಕವಿತ್ತು. ಇಂಗ್ಲೆಂಡಿನಲ್ಲಿ ಒಬೇದಿಯಾ ಎಲಿಯಟ್ 1804ರಲ್ಲಿ ಪಟ್ಟಿ ಸ್ಪ್ರಿಂಗಿನ ಪೇಟೆಂಟ್ ಪಡೆದದ್ದು ಜನ ಕೂರುವ ಸಾರೋಟಿಗಾಗಿ. ನಮ್ಮ ಜಟಕಾಗಾಡಿಗೂ ಕಮಾನುಪಟ್ಟಿಗಳಿದ್ದವು, ಸರಕಿನ ಎತ್ತಿನ ಗಾಡಿಗೆ ಇರಲಿಲ್ಲ. ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ಅವರ ಕಾಳಜಿ ಎತ್ತಿನ ಹೆಗಲಿನ ಬಗೆಗಾಗಿತ್ತು.

ಹವಳಗಾದ ಸೀಮೆಯಲ್ಲಿ ಗಾಡಿಯನ್ನೇ ನಂಬಿ ಬಿಡಾರ ಹೂಡುವವರು ನಮ್ಮಂಥವರಲ್ಲ. ಬೀಡ್ ಮುಂತಾದ ಮರಾಠವಾಡದ ಜಿಲ್ಲೆಗಳಿಂದ ಪ್ರತಿವರ್ಷ ಕಬ್ಬು ಕಡಿಯುವ ಕುಟುಂಬಗಳು ಗಡಿ ದಾಟಿ ಕರ್ನಾಟಕಕ್ಕೆ ಬರುತ್ತವೆ. ಗಂಡ ಹೆಂಡತಿ ಸೇರಿ ಲೆಕ್ಕಕ್ಕೆ ಒಂದು ‘ಕೊಯ್ತಾ’. ಪಾತ್ರೆ, ಹಿಟ್ಟಿನ ಚೀಲ, ಕೂಸು, ಗುಡಿಸಲಿನ ತಾಡಪತ್ರಿ ಎಲ್ಲವೂ ಟ್ರ್ಯಾಕ್ಟರಿನ ಟ್ರೈಲರಿನಲ್ಲೇ. ಅವುಗಳಲ್ಲಿ ಎಷ್ಟೋ ಟ್ರೈಲರುಗಳಿಗೆ ಪಾಟಾವೇ ಇಲ್ಲ. ಆಕ್ಸೆಲ್ಲನ್ನು ನೇರವಾಗಿ ಚೌಕಟ್ಟಿಗೆ ಬೆಸೆದಿರುತ್ತಾರೆ. ಬಸುರಿಯರು, ಬಾಣಂತಿಯರು ಇನ್ನೂರು ಮುನ್ನೂರು ಕಿಲೋಮೀಟರ್ ಹಾಗೆಯೇ ಬರುತ್ತಾರೆ, ಆರು ತಿಂಗಳ ನಂತರ ಹಾಗೆಯೇ ಮರಳುತ್ತಾರೆ. ಸರಕಿನ ಟ್ರೈಲರಿನಲ್ಲಿ ಜನರನ್ನು ಸಾಗಿಸುವುದು ನಿಯಮಬಾಹಿರವೆಂಬುದು ಎಲ್ಲರಿಗೂ ಗೊತ್ತು. ಹಂಗಾಮಿಗೆ ಮುನ್ನ ಕಾರ್ಖಾನೆಗಳು ಕಟಾವು ಮತ್ತು ಸಾಗಣೆಯ ಒಪ್ಪಂದ ಮಾಡಿಕೊಳ್ಳುತ್ತವೆ. ಕಬ್ಬಿನ ಪ್ರತಿ ಕಿಲೋವನ್ನೂ ತೂಗುವ ಅವುಗಳಿಗೆ, ಆ ಒಪ್ಪಂದದಲ್ಲಿ ಕುಟುಂಬಗಳಿಗೆ ಹೋಗಿಬರಲು ಬಸ್ಸು ಎಂಬ ಒಂದು ಸಾಲು ಸೇರಿಸುವುದು ಕಷ್ಟವಾಗಲಾರದು. ಮುಂದಿನ ಅಕ್ಟೋಬರಿನೊಳಗೆ ಜಿಲ್ಲಾಡಳಿತ ಅದನ್ನು ಕಡ್ಡಾಯಗೊಳಿಸಲಿ.